ದೇರಪ್ಪ ಇಲ್ಲದ ಮದುವೆ

ಚೆಟ್ಟಳ್ಳಿಯ ಮಿಲನ್ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಕೊಡ್ಲಿಪೇಟೆಯ ಚಂದನಾ ಅದನ್ನು ಕತ್ತರಿಸಿ, ಜೋಡಿಸಿ, ಮನುಷ್ಯರು ಕೂತು ನೋಡುವ ಹಾಗೆ ಮಾಡುತ್ತಾಳೆ. ಇಬ್ಬರೂ ಕುಶಾಲನಗರದಲ್ಲಿ ಒಂದೇ ಎಡಿಟಿಂಗ್ ತರಗತಿಯಲ್ಲಿ ಕಲಿತವರು. ಮಿಲನ್‌ಗೆ ಕ್ಯಾಮೆರಾ ಹಿಡಿಯುವುದು ಚೆನ್ನಾಗಿ ಬಂತು, ಒಂದು ಕಡೆ ಕೂರುವುದು ಬರಲಿಲ್ಲ. ಚಂದನಾಳಿಗೆ ಮದುವೆಯಾಯಿತು. ಗಂಡನ ಮನೆಯ ದಿನಸಿ ಅಂಗಡಿಯ ಹಿಂದೆ ಮೊದಲು ಬೆಲ್ಲ ಇಡುತ್ತಿದ್ದ ಕೋಣೆಯೊಂದು ಸಿಕ್ಕಿತು, ಅದರೊಳಗೆ ಕಂಪ್ಯೂಟರ್ ಕೂತಿತು. ಇವರ ಜೋಡಿ ಕೆಲಸ ಶುರುವಾಗಿದ್ದು ಹೀಗೆ.

ಎರಡು ಊರಿನ ನಡುವೆ ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ, ಶನಿವಾರಸಂತೆ ಇವೆ. ಇಂಟರ್ನೆಟ್ ಇಲ್ಲವೆಂದಲ್ಲ. ಬೆಳಗಿನ ಶುಭಾಶಯದ ಹೂವಿನ ಚಿತ್ರ ಕಳಿಸುವಷ್ಟು ಇದೆ. ಒಂದು ಮದುವೆಯ ಅಷ್ಟೂ ವಿಡಿಯೋವನ್ನು ಅದರಲ್ಲಿ ಕಳಿಸಲು ಹೊರಟರೆ ಆ ದಂಪತಿಗೆ ಮಗು ಹುಟ್ಟಿ ನಾಮಕರಣದ ವಿಡಿಯೋ ಸಾಲಿನಲ್ಲಿ ಬಂದು ನಿಂತಿರುತ್ತದೆ. ಗಾಳಿ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರ್ ಹೋಗುತ್ತದೆ. ಕೊಡಗಿನಲ್ಲಿ ಗಾಳಿಗೆ ಬರಬೇಡ ಎಂದು ಹೇಳಲು ಯಾರಿಂದಲೂ ಆಗಿಲ್ಲ.

ಹಾಗಾಗಿ ಇವರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಮದುವೆ ಮುಗಿದ ಮೇಲೆ ಮಿಲನ್ ಕ್ಯಾಮೆರಾದಲ್ಲಿರುವುದನ್ನೆಲ್ಲ ಎರಡು ಹಾರ್ಡ್ ಡಿಸ್ಕಿಗೆ ತುಂಬುತ್ತಾನೆ. ಎರಡಕ್ಕೂ ಹೆಸರು ಒಂದೇ, ಒಳಗಿನ ಫೋಲ್ಡರುಗಳ ಹೆಸರೂ ಒಂದೇ. ಒಂದು ಅವನ ಹತ್ತಿರ ಉಳಿಯುತ್ತದೆ. ಇನ್ನೊಂದು ಟವೆಲಿನಲ್ಲಿ ಸುತ್ತಿಸಿಕೊಂಡು, ಕಾಫಿಪುಡಿಯ ಖಾಲಿ ಡಬ್ಬಿಯಲ್ಲಿ ಕೂತು, ಕಂಡಕ್ಟರ್ ನಂದೀಶನ ಸೀಟಿನ ಕೆಳಗೆ ಪ್ರಯಾಣ ಮಾಡಿ ಕೊಡ್ಲಿಪೇಟೆ ಸೇರುತ್ತದೆ. ಆಮೇಲೆ ಓಡಾಡುವುದು ಪ್ರಾಜೆಕ್ಟ್ ಫೈಲ್ ಒಂದೇ. ಅದರಲ್ಲಿ ವಿಡಿಯೋ ಇರುವುದಿಲ್ಲ. ಯಾವ ತುಣುಕನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬುದಷ್ಟೇ ಇರುತ್ತದೆ. ಎರಡೂ ಮನೆಯಲ್ಲಿ ಅಕ್ಕಿ ಬೇಳೆ ಇದ್ದ ಮೇಲೆ ಸಾರು ಮಾಡುವುದು ಹೇಗೆ ಅಂತ ಹೇಳಿ ಕಳಿಸಿದರೆ ಸಾಕಲ್ಲ ಎಂದಿದ್ದರು ಚಂದನಾಳ ಅತ್ತೆ ಚನ್ನಬಸಮ್ಮ. ಇದನ್ನು ಇದಕ್ಕಿಂತ ಚೆನ್ನಾಗಿ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೂ ಒಂದು ಕ್ರಮವಿತ್ತು. ಅದನ್ನು ಯಾರೂ ಮಾಡಿದ್ದಲ್ಲ, ಮಿಲನ್‌ನ ಸೋಮಾರಿತನದಿಂದ ತಾನಾಗಿ ಆದದ್ದು. ಅವನು ಮೊದಲ ಜೋಡಣೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದ, ಅದೂ ಕಲ್ಯಾಣಮಂಟಪದ ಊಟದ ಹಾಲಿನಲ್ಲೋ ಜೀಪಿನ ಹಿಂದಿನ ಸೀಟಿನಲ್ಲೋ ಕೂತು. ಡಿಸ್ಕು ಮನೆಯಲ್ಲಿ ಉಳಿದಿರುತ್ತಿತ್ತು. ಕೈಗೆ ಸಿಗದ ತುಣುಕಿನ ಜಾಗವನ್ನು ಹಾಗೇ ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದ. ಖಾಲಿ ಇದ್ದಲ್ಲಿ ಅದೇ ಹೊತ್ತಿನ ತುಣುಕನ್ನು ತನ್ನ ಡಿಸ್ಕಿನಿಂದ ಹುಡುಕಿ ಚಂದನಾ ತುಂಬುತ್ತಿದ್ದಳು. ಮೊದಮೊದಲು ಫೋನ್ ಮಾಡಿ ಬೈಯುತ್ತಿದ್ದಳು, ಆಮೇಲೆ ಬೈಯುವುದನ್ನೂ ಬಿಟ್ಟಳು. ಖಾಲಿ ಎಂದರೆ ತುಂಬು ಎಂದು ಅರ್ಥ. ಒಂದು ಮದುವೆಯಲ್ಲೂ ಇದು ತಪ್ಪಿರಲಿಲ್ಲ.

ಮೋನಿಷಾಳ ಮದುವೆ ಆಗಿದ್ದು ನವೆಂಬರ್ ಕೊನೆಯಲ್ಲಿ. ಆಮೇಲೆ ರೊಬಸ್ಟಾ ಕೊಯ್ಲು ಶುರುವಾಯಿತು. ಕೊಯ್ಲು ಮುಗಿದು ಕಾಫಿ ಒಣಗಿ ಮೂಟೆ ಕಟ್ಟುವವರೆಗೆ ನಮ್ಮ ವಿಡಿಯೋ ಎಲ್ಲಿ ಎಂದು ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ. ಮಿಲನ್‌ನ ಹೊಟ್ಟೆ ತಣ್ಣಗಿರುವುದು ಇದೊಂದರಿಂದಲೇ. ಮಾರ್ಚ್ ಕೊನೆಗೆ ಹುಡುಗಿಯ ತಂದೆ ಮಾಯಿಲಪ್ಪ, ತಾಯಿ ಯಮುನ ಇಬ್ಬರೂ ಅವನ ಅಂಗಡಿಗೆ ಬಂದರು. ಬೈಸಿಕೊಳ್ಳಲು ಮಿಲನ್ ಸಿದ್ಧನಾಗಿದ್ದ. ಮಾಯಿಲಪ್ಪ ತಡವಾಗಿದ್ದಕ್ಕೆ ಬೈಯಲೇ ಇಲ್ಲ.

"ದೇರಪ್ಪ ಅದರ್ಲಿ ಎಲ್ಲೂ ಕಾಂಬ್ದು ಬೊತ್ತು" ಅಂದರು.

ಅರೆಭಾಷೆಯ ಬೊತ್ತು ಎಂದರೆ ಕನ್ನಡದ ಬೇಡ, ಆದರೆ ಮಾಯಿಲಪ್ಪನವರ ಬಾಯಲ್ಲಿ ಬಂದಾಗ ಸ್ವಲ್ಪ ಗಟ್ಟಿ. ದೇರಪ್ಪ ಎಂದರೆ ಯಮುನ ಅವರ ಅಣ್ಣ, ಮೋನಿಷಾಳ ಸೋದರಮಾವ, ಮಾಯಿಲಪ್ಪನವರ ಭಾವ. ಒಡಹುಟ್ಟಿದವರು ಎಂದು ಯಮುನ ಅವರಿಗೆ ಇರುವುದು ಅವರೊಬ್ಬರೇ. ಎರಡು ತೋಟಗಳ ನಡುವೆ ಒಂದು ಕೆರೆ, ಕೆರೆಯ ಈಚೆ ಇವರು, ಆಚೆ ಅವರು.

"ಸೋದರಮಾವನ್ನೇ ತೆಗ್ದರೆ ಮೋನಿಷಾನ ಮಂಟಪಕ್ಕೆ ಕರ್ಕಂಡ್ ಬರ್ದು ಯಾರ್ ಮಾವ?" ಎಂದು ಮಿಲನ್ ಕೇಳಿದ.

"ಅದ್ ನಿನ್ನ ಕೆಲ್ಸ. ಬೊತ್ತು ಹೇಳ್ರೆ ಬೊತ್ತು."

ಜಗಳ ಕೆರೆಯದು. ಮಾರ್ಚ್ ಮೊದಲ ವಾರ ಮಳೆ ಬಾರದಿದ್ದರೆ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಅರ್ಧ ಕೆರೆ ಇವರಿಗೆ, ಅರ್ಧ ಕೆರೆ ಅವರಿಗೆ ಎಂದು ಹಿರಿಯರ ಕಾಲದಿಂದ ಮಾತು. ಈ ಸಲ ದೇರಪ್ಪ ಮೊದಲು ಮೋಟಾರು ಹಚ್ಚಿದರು. ಇವರ ಸರದಿ ಬರುವಾಗ ಕೆರೆಯಲ್ಲಿ ಕೆಸರು, ಎರಡು ಬಾತುಕೋಳಿ ಉಳಿದಿದ್ದವು. ಮಾಯಿಲಪ್ಪ ಕೆರೆಯ ಏರಿಯ ಮೇಲೆ ನಿಂತು ಒಂದಿಷ್ಟು ಅಂದರು, ದೇರಪ್ಪ ಆಚೆಯಿಂದ ಒಂದಿಷ್ಟು ಅಂದರು. ಎರಡೂ ಕಡೆಯ ಲೈನ್ ಮನೆಯ ಕೆಲಸದವರೆಲ್ಲ ಕೇಳಿಸಿಕೊಂಡರು. ಅವತ್ತಿನಿಂದ ಮಾತಿಲ್ಲ, ಹೋಗಿಬರುವುದಿಲ್ಲ.

ಗಂಡ ಹೆಂಡತಿ ಅಂಗಡಿಯಿಂದ ಹೊರಟು ಜೀಪಿನ ತನಕ ಹೋದರು. ಯಮುನ ಕೊಡೆ ಮರೆತೆ ಎಂದು ವಾಪಸು ಬಂದರು. ಕೊಡೆಯನ್ನು ಅವರು ತಂದೇ ಇರಲಿಲ್ಲ.

"ಮಿಲನ್, ಒಂದು ಕಡೆ ಆದ್ರೂ ಇರ್ಲಿ" ಅಂದರು. "ಸಣ್ಣಕೆ, ಹಿಂದೆ ಎಲ್ಲಾದ್ರೂ. ಮಗಳ ಮದುವೆಗೆ ನನ್ನ ಅಣ್ಣನೇ ಬರ್ಲಿಲ್ಲ ಅಂತ ಆಗ್ತದೆ ಅಲ್ವಾ?"

"ನೋಡ್ತೇನೆ ಅತ್ತೆ."

"ತೆಗ್ದದ್ದು ನಿನ್ನ ಹತ್ರ ಇರ್ತದಾ?"

ಇರುವುದಿಲ್ಲ ಎಂದು ಮಿಲನ್ ನಿಜವನ್ನೇ ಹೇಳಿದ. ವಿಡಿಯೋ ಕೊಟ್ಟ ಮೇಲೆ ಡಿಸ್ಕು ಅಳಿಸಿ ಮುಂದಿನ ಮದುವೆಗೆ ಬಳಸಬೇಕು. ಹೀಗೆ ಒಂದೊಂದು ಡಿಸ್ಕಿನಲ್ಲಿ ಎಷ್ಟೋ ಮದುವೆ ಆಗಿ ಹೋಗಿವೆ. ಯಮುನ ತಲೆಯಾಡಿಸಿ ಹೋದರು. ಅವರಿಗೆ ಗಂಡನ ಮೇಲೆ ಸಿಟ್ಟು ಇತ್ತು, ಅಣ್ಣನ ಮೇಲೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ದುಃಖವಿತ್ತು. ಬೆಳಿಗ್ಗೆ ಪಾತ್ರೆ ತೊಳೆಯಲು ನಿಂತರೆ ಕೆರೆಯಾಚೆಯ ಅಂಗಳದಲ್ಲಿ ಅಣ್ಣ ಕೆಮ್ಮುವುದು ಕೇಳಿಸುತ್ತದೆ. ಹುಷಾರಿಲ್ವಾ ಎಂದು ಕೇಳುವ ಹಾಗಿಲ್ಲ.

ಮಿಲನ್‌ಗೆ ಗಿರಾಕಿ ಎಂದರೆ ಕೆಲಸ ಹೇಳಿ ದುಡ್ಡು ಕೊಡುವವರು, ಅದು ಮಾಯಿಲಪ್ಪ. ದೇರಪ್ಪ ಕಂಡ ತುಣುಕುಗಳನ್ನೆಲ್ಲ, ಅವುಗಳನ್ನು ಸಾಲಾಗಿ ಜೋಡಿಸಿದ್ದ ಟೈಮ್‌ಲೈನಿನಿಂದ ಕಿತ್ತ. ಕಿತ್ತ ಜಾಗವನ್ನು ಮುಚ್ಚಿದರೆ ಮುಂದಿನದೆಲ್ಲ ಸರಿದು ವಾಲಗದ ಶಬ್ದ ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ಅದಕ್ಕೆ ಖಾಲಿ ಬಿಟ್ಟ. ಆ ಜಾಗಕ್ಕೆ ಚಪ್ಪರ, ತೋರಣ, ಊಟದ ಸಾಲು ಏನಾದರೂ ಹಾಕು, ದೇರಪ್ಪ ಮಾತ್ರ ಎಲ್ಲೂ ಬರಬಾರದು ಎಂದು ಚಂದನಾಳಿಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದ. ಪ್ರಾಜೆಕ್ಟ್ ಫೈಲ್ ಇದ್ದ ಪೆನ್‌ಡ್ರೈವನ್ನು ಬೆಂಕಿಪೊಟ್ಟಣದಲ್ಲಿಟ್ಟು ನಂದೀಶನ ಕೈಗೆ ಕೊಟ್ಟ. ಅವತ್ತೇ ಕೊಡ್ಲಿಪೇಟೆ ಕಡೆ ಗಾಳಿ ಎದ್ದು ಮರ ಬಿದ್ದು ಟವರ್ ಮಲಗಿತ್ತು. ಬಸ್ಸು ಮರ ಕಡಿಯುವವರೆಗೆ ಕಾದು ದಾಟಿ ಬಂತು, ಮಾತು ದಾರಿಯಲ್ಲೇ ಉಳಿಯಿತು.

ಚಂದನಾ ಫೈಲ್ ತೆರೆದಳು. ಯಾವತ್ತೂ ಇಲ್ಲದಷ್ಟು ಖಾಲಿ. ಈ ಸಲ ಇವನು ಜೀಪು ಓಡಿಸುತ್ತಲೇ ಕೆಲಸ ಮಾಡಿರಬೇಕು ಎಂದುಕೊಂಡಳು. ತನ್ನ ಡಿಸ್ಕು ಹಚ್ಚಿ ಒಂದೊಂದನ್ನೇ ಹುಡುಕಿ ಕೂರಿಸಿದಳು. ಹುಡುಗಿಯನ್ನು ಕೋಣೆಯಿಂದ ಮಂಟಪಕ್ಕೆ ಕೈಹಿಡಿದು ಕರೆತರುವುದೇ ಇಲ್ಲವಲ್ಲ, ಸೋದರಮಾವನನ್ನೇ ಬಿಟ್ಟಿದ್ದಾನಲ್ಲ ಎಂದು ಬೈದುಕೊಂಡು ಅದನ್ನು ಸ್ವಲ್ಪ ಉದ್ದವಾಗಿಯೇ ಇಟ್ಟಳು. ಬಣ್ಣ ತಿದ್ದಿ, ಶಬ್ದ ತಿದ್ದಿ, ಪೂರ್ತಿ ವಿಡಿಯೋ ಮಾಡಿ ಪೆನ್‌ಡ್ರೈವಿಗೆ ಹಾಕಿ ಅದೇ ಬೆಂಕಿಪೊಟ್ಟಣದಲ್ಲಿ ವಾಪಸು ಕಳಿಸಿದಳು. ಅವಳ ಮಟ್ಟಿಗೆ ಅದು ಒಳ್ಳೆಯ ಕೆಲಸವಾಗಿತ್ತು.

ಮಿಲನ್ ನೆಲ್ಯಹುದಿಕೇರಿಯ ಒಂದು ಮದುವೆಯ ಗಡಿಬಿಡಿಯಲ್ಲಿದ್ದ. ಚಂದನಾ ಮಾಡಿದ್ದನ್ನು ತೆರೆದು ನೋಡುವ ಅಭ್ಯಾಸ ಅವನಿಗೆ ಇರಲಿಲ್ಲ. ಪೆನ್‌ಡ್ರೈವನ್ನು ಬೆಂಕಿಪೊಟ್ಟಣದ ಸಮೇತ ಮಾಯಿಲಪ್ಪನವರಿಗೆ ಕೊಟ್ಟು, ತನ್ನ ಡಿಸ್ಕನ್ನು ಅಳಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದ.

ಏಪ್ರಿಲ್ ನಡುವಿನ ಬಿಸು ಹಬ್ಬದ ಮರುದಿನ ಮೋನಿಷಾ ಗಂಡನ ಜೊತೆ ಬಂದಿದ್ದಳು. ಊಟವಾದ ಮೇಲೆ ನೆಂಟರೆಲ್ಲ ಟಿವಿಯ ಮುಂದೆ ಕೂತರು. ಮದರಂಗಿ, ಎಣ್ಣೆ ಅರಿಶಿಣ ಎಲ್ಲ ಮುಗಿದು ವಾಲಗ ಜೋರಾಯಿತು. ಕೋಣೆಯ ಬಾಗಿಲಿಗೆ ಮೋನಿಷಾ ಬಂದಳು. ಅವಳ ಕೈಹಿಡಿದು ದೇರಪ್ಪ ಬಂದರು. ಬಿಳಿ ಕುಪ್ಪಸದ ನಿಲುವಂಗಿ, ಸೊಂಟಕ್ಕೆ ಸುತ್ತಿದ ಕೆಂಪು ದಟ್ಟಿ. ಸೀರೆ ಕಾಲಿಗೆ ಸಿಕ್ಕದ ಹಾಗೆ ತಂಗಿಯ ಮಗಳನ್ನು ನಿಧಾನಕ್ಕೆ ನಡೆಸಿಕೊಂಡು, ಕ್ಯಾಮೆರಾದವನಿಗೆ ಆಚೆ ಹೋಗು ಎಂದು ಕೈಯಲ್ಲೇ ಹೇಳಿಕೊಂಡು ಬಂದರು. ಯಮುನ ಪಾಯಸದ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಿಂತಲ್ಲೇ ಕಣ್ಣು ತುಂಬಿ ಬಂತು.

"ದೇರಪ್ಪ ಎಂಥ, ಇಂದ್ ಬಂದಿಲ್ಲೆ?" ಎಂದು ಕಿವಿ ಕೇಳದ ಒಬ್ಬರು ಅಜ್ಜಿ ಗಟ್ಟಿಯಾಗಿ ಕೇಳಿದರು.

ಮಾಯಿಲಪ್ಪ ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ದೇರಪ್ಪ ಮಂಟಪ ತಲುಪಲಿಲ್ಲ. ನೆಂಟರು ಎಲೆ ಅಡಿಕೆ ಹಾಕಿಕೊಂಡು ಮಳೆಯ ಬಗ್ಗೆ ಮಾತಾಡತೊಡಗಿದರು.

ಎಲ್ಲರೂ ಹೋದ ಮೇಲೆ ಇದು ನೀನು ಹೇಳಿ ಮಾಡಿಸಿದ್ದಾ ಎಂದು ಮಾಯಿಲಪ್ಪ ಹೆಂಡತಿಯನ್ನು ಕೇಳಿದರು. "ಕೇಳ್ದೆ. ಅವ ಮಾಡ್ತೇನೆ ಹೇಳಿಲ್ಲೆ" ಅಂದರು ಯಮುನ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹೀಗೆ ನೇರವಾಗಿ ಉತ್ತರ ಕೊಟ್ಟಿದ್ದು ಕಡಿಮೆ. ಮಾಯಿಲಪ್ಪ ಮಾರನೆಯ ದಿನ ಬೆಳಿಗ್ಗೆ ಮಿಲನ್‌ನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದರು.

ಮಿಲನ್ ಅವರ ಎದುರೇ ಕೊಡ್ಲಿಪೇಟೆಗೆ ಫೋನ್ ಮಾಡಿದ. "ನಾನು ಖಾಲಿ ಬಿಟ್ಟಿದ್ದೆ ಅಲ್ವಾ?"

"ಖಾಲಿ ಬಿಟ್ರೆ ತುಂಬು ಅಂತ ತಾನೆ?"

"ಈ ಸಲ ಹಾಗಲ್ಲ. ಹೇಳಿ ಕಳಿಸಿದ್ದೆ."

"ಟವರ್ ಸರಿಯಾದದ್ದೇ ನಿನ್ನೆ ಸಂಜೆ, ನೀನು ಹೇಳಿದ್ದು ಆಗ ಬಂತು. ಅದಕ್ಕೆ ಮೊದಲು ನನಗೇನು ಕನಸು ಬೀಳಬೇಕಿತ್ತಾ?"

ಇನ್ನು ಉಳಿದಿರುವುದು ಚಂದನಾಳ ಡಿಸ್ಕು ಒಂದೇ, ಅದೂ ಭಾನುವಾರದ ಮದುವೆಗೆ ಅಳಿಸಬೇಕಾದದ್ದು ಎಂದು ಗೊತ್ತಾಯಿತು. ಈ ಸಲ ತಾವೇ ಹೋಗಿ ಪಕ್ಕದಲ್ಲಿ ಕೂತು ತೆಗೆಸುತ್ತೇನೆ ಎಂದರು ಮಾಯಿಲಪ್ಪ. ಮಿಲನ್ ಬೇಡ ಎನ್ನಲಿಲ್ಲ. ಅವರು ಅಂಗಡಿಯಿಂದ ಹೊರಟರೆ ಸಾಕಾಗಿತ್ತು ಅವನಿಗೆ.

ಕೊಡ್ಲಿಪೇಟೆಯ ಅಂಗಡಿಯ ಮುಂದೆ ಜೀಪು ನಿಂತಾಗ ಬಿಸಿಲು ಏರಿತ್ತು. ಬೆಲ್ಲದ ಕೋಣೆಯಲ್ಲಿ ಚಂದನಾ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಳು. ಅವಳಿಗೆ ಈ ಮನುಷ್ಯರ ಮೇಲೆ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಲ್ಲ ಎಂಬ ಬೇಸರ ಮಾತ್ರ ಇತ್ತು.

"ಎಲ್ಲೆಲ್ಲಿ ತೆಗೀಬೇಕು ತೋರಿಸಿ ಸರ್."

ಮೊದಲು ಸುಲಭವಾಗಿತ್ತು. ಮಂಟಪಕ್ಕೆ ಕರೆತರುವುದು ಹೋಯಿತು. ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಂತದ್ದು ಹೋಯಿತು. ಚಂದನಾ ಆಯಿತೆಂದು ಕೈ ತೆಗೆಯುವಾಗ ಮಾಯಿಲಪ್ಪ ಪರದೆಯ ಮೂಲೆಗೆ ಬೆರಳಿಟ್ಟರು.

"ಅಲ್ಲಿ. ಕಂಬದ ಹಿಂದೆ."

"ಯಾರೂ ಕಾಣ್ತಿಲ್ಲ ಸರ್."

"ಮೊಣಕೈ ಕಾಣ್ತದಲ್ಲ. ಅದು ಅವಂದು."

ದೊಡ್ಡದು ಮಾಡಿ ನೋಡಿದಳು. ಮೊಣಕೈ ಹೌದು. ಯಾರದು ಬೇಕಾದರೂ ಆಗಬಹುದಿತ್ತು.

"ಸೊಟ್ಟ ಉಂಟಲ್ಲ? ಜೀಪು ಮಗುಚಿದಾಗ ಮುರಿದದ್ದು. ನಾನೇ ಮಡಿಕೇರಿ ಆಸ್ಪತ್ರೆಗೆ ಕರ್ಕೊಂಡು ಹೋದದ್ದು. ಪಟ್ಟಿ ಹಾಕಿಸ್ಕೊಂಡು ಸುಮ್ಮನೆ ಇರು ಅಂದ್ರೆ ಕೊಯ್ಲಿಗೆ ಇಳಿದ. ಹೇಳಿದ್ದು ಕೇಳುವ ಜಾತಿ ಅಲ್ಲ."

ಮೊಣಕೈ ಹೋಯಿತು. ಆಮೇಲೆ ಒಂದು ಬೆನ್ನು ಹೋಯಿತು, ಬಾಳೆಎಲೆಯ ಕಟ್ಟು ಹೊತ್ತು ಅಡುಗೆ ಚಪ್ಪರದ ಕಡೆ ಹೋಗುತ್ತಿದ್ದ ಬೆನ್ನು. ಕಿವಿ ಕೇಳದ ಅಜ್ಜಿಯನ್ನು ಜೀಪಿನಿಂದ ಎತ್ತಿ ಇಳಿಸುತ್ತಿದ್ದ ಎರಡು ಕೈ ಹೋದವು, ಅವುಗಳ ಜೊತೆ ಅಜ್ಜಿಯೂ ಹೋದರು. ಜನರೇಟರ್ ನಿಂತಾಗ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವರು ಹೋದರು. ಬೀಗರಿಗೆ ನೀರು ಸಾಲದೆಂದು ಕೊಡಪಾನ ಹಿಡಿದು ಓಡಿದವರು ಹೋದರು. ಚಂದನಾ ಈ ಮದುವೆಯನ್ನು ತುಣುಕು ತುಣುಕಾಗಿ ಎಷ್ಟೋ ಸಲ ನೋಡಿದ್ದಳು. ಇವರೆಲ್ಲ ಒಬ್ಬರೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮಾಯಿಲಪ್ಪನವರಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ನೆರಳು ಕಂಡರೂ ಗೊತ್ತಾಗುತ್ತಿತ್ತು.

ಒಂದು ಕಡೆ ಪರದೆಯ ಮೇಲೆ ಹೂವಿನ ತಟ್ಟೆ ಮಾತ್ರ ಇತ್ತು. ಹಿಂದಿನಿಂದ ಒಂದು ದನಿ, "ಭಾವ, ಊಟ ಆತ್ತಾ? ಬೆಳಿಗ್ಗೆಂದ ಒಂದ್ ತೊಟ್ಟು ನೀರು ಕುಡ್ದಿಲ್ಲೆ ನೀವು" ಎಂದಿತು.

"ಅದೂ ತೆಗಿ" ಅಂದರು ಮಾಯಿಲಪ್ಪ.

"ಆ ದನಿ ತೆಗೆದ್ರೆ ವಾಲಗನೂ ಹೋಗುತ್ತೆ ಸರ್. ಒಂದರಲ್ಲೇ ಇರೋದು."

"ಹೋಗ್ಲಿ."

ಚನ್ನಬಸಮ್ಮ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟರು. ಇಟ್ಟವರು ಹೋಗದೆ ಬಾಗಿಲಿಗೆ ಒರಗಿ ನಿಂತರು. ಅವರಿಗೆ ಸುತ್ತಿ ಬಳಸಿ ಕೇಳಿ ಅಭ್ಯಾಸವಿಲ್ಲ.

"ಉಣ್ಣಿ ಮೊದ್ಲು. ಆ ಯಪ್ಪ ಏನ್ ತಪ್ಪು ಮಾಡ್ದ ಅಂತ ಹಿಂಗೆ ತೆಗೆಸ್ತಿದೀರಿ?"

ಮಾಯಿಲಪ್ಪ ರೊಟ್ಟಿ ಮುರಿಯುತ್ತ ಕೆರೆಯ ಕಥೆ ಹೇಳಿದರು. ನೀರು ಸಿಗದೆ ಹೂವೆಲ್ಲ ಮೊಗ್ಗಿನಲ್ಲೇ ನಿಂತದ್ದನ್ನು ಹೇಳಿದರು.

"ಆಮೇಲೆ ಮಳೆ ಬಂತಲ್ಲ?" ಅಂದರು ಚನ್ನಬಸಮ್ಮ. "ನಮ್ ಕಡೆಯೂ ಬಂತು. ಎಲ್ಲಾ ಹೂ ಆಯ್ತು."

"ಬಂತು."

"ನಿಮ್ದೂ ಹೂ ಆಯ್ತಾ?"

"ಆಯ್ತು. ಅದು ಬೇರೆ ವಿಷಯ."

ಬೇರೆ ವಿಷಯ ಯಾವುದು ಎಂದು ಚನ್ನಬಸಮ್ಮ ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದರು. ಮಾಯಿಲಪ್ಪನವರಿಗೆ ನೋವಾಗಿದ್ದು ನೀರಿಗೆ ಅಲ್ಲ. ಭಾವ ಒಂದು ಮಾತು ಕೇಳದೆ ಮೋಟಾರು ಹಚ್ಚಿದ್ದಕ್ಕೆ ಆಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ತೀರಾ ಸಣ್ಣದಾಗಿ ಕೇಳಿಸುತ್ತದೆಂದು.

ಊಟವಾದ ಮೇಲೆ ಕೊನೆಯ ತುಣುಕು ಬಂತು. ಮದುವೆಯ ಬೆಳಿಗ್ಗೆ, ಚಾವಡಿಯಲ್ಲಿ. ಮಾಯಿಲಪ್ಪ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ದೇರಪ್ಪ ಅವರ ಸೊಂಟಕ್ಕೆ ದಟ್ಟಿ ಬಿಗಿಯುತ್ತಿದ್ದಾರೆ. ಉಸಿರು ಒಳಗೆ ಎಳೀರಿ ಭಾವ ಎಂದು ಹೊಟ್ಟೆಯ ಮೇಲೆ ತಟ್ಟುತ್ತಾರೆ, ಇಬ್ಬರೂ ನಗುತ್ತಾರೆ. ಮಾಯಿಲಪ್ಪನವರಿಗೆ ದಟ್ಟಿ ಕಟ್ಟಿಕೊಳ್ಳಲು ಬರುವುದಿಲ್ಲ. ಅವರ ಮದುವೆಯ ದಿನವೂ ದೇರಪ್ಪನೇ ಕಟ್ಟಿದ್ದು. ಚಂದನಾ ಪಕ್ಕಕ್ಕೆ ತಿರುಗಿ ನೋಡಿದಳು. ಅವರು ತೆಗಿ ಎನ್ನಲಿಲ್ಲ, ಇರಲಿ ಎಂದೂ ಅನ್ನಲಿಲ್ಲ. ಬೆಳಿಗ್ಗೆಯಿಂದ ಹೇಳಿದ್ದನ್ನೇ ಮಾಡಿದ್ದ ಅವಳು ಅದನ್ನೂ ತೆಗೆದಳು.

ಖಾಲಿ ಜಾಗಗಳನ್ನು ಮುಚ್ಚಿ ಮೊದಲಿನಿಂದ ಓಡಿಸಿ ತೋರಿಸಿದಳು. ಎರಡೂವರೆ ಗಂಟೆಯ ಮದುವೆ ಮುಕ್ಕಾಲು ಗಂಟೆಗೆ ಬಂದಿತ್ತು. ಅದರಲ್ಲಿ ಹೂವು ಬಹಳ ಇತ್ತು. ಮೋನಿಷಾ ಕೋಣೆಯ ಬಾಗಿಲಲ್ಲಿ ಕಂಡಳು, ಮರುಕ್ಷಣ ಮಂಟಪದಲ್ಲಿದ್ದಳು. ಯಾರೋ ಮಾತಾಡಬೇಕಾದಲ್ಲಿ ಸದ್ದೇ ಇರಲಿಲ್ಲ. ಬಾಗಿಲಲ್ಲೇ ನಿಂತು ನೋಡುತ್ತಿದ್ದ ಚನ್ನಬಸಮ್ಮ ಕೊನೆಗೆ ಸೊಸೆಯನ್ನು ಕೇಳಿದರು.

"ಪಾಪ, ಈ ಹುಡ್ಗಿಗೆ ಅಪ್ಪ ಇಲ್ವೇನೇ?"

"ನಾನೇ ಅಪ್ಪ" ಅಂದರು ಮಾಯಿಲಪ್ಪ.

"ಹೌದಾ? ಎಲ್ಲೂ ಕಾಣ್ಲಿಲ್ಲ ಕಣಪ್ಪ."

ಕಾಣುವ ಹಾಗಿರಲಿಲ್ಲ. ಅವತ್ತು ಇಡೀ ದಿನ ಇಬ್ಬರೂ ಒಟ್ಟಿಗೇ ಓಡಾಡಿದ್ದರು. ಒಬ್ಬರನ್ನು ತೆಗೆದಲ್ಲೆಲ್ಲ ಇನ್ನೊಬ್ಬರೂ ಹೋಗಿದ್ದರು. ಚಂದನಾಳಿಗೆ ಇದು ಅರ್ಧ ದಾರಿಯಲ್ಲೇ ಗೊತ್ತಾಗಿತ್ತು. ಕೇಳದೆ ಹೇಳುವುದು ಅವಳ ಸ್ವಭಾವವಲ್ಲ.

ಅವಳು ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಮಾಯಿಲಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಎದ್ದರು, ಬಾಗಿಲ ತನಕ ಹೋಗಿ ನಿಂತರು.

"ತೆಗ್ದದ್ದೆಲ್ಲ ಎಲ್ಲಿಗೆ ಹೋಯ್ತು?"

"ಎಲ್ಲೂ ಹೋಗಿಲ್ಲ ಸರ್. ನಾವು ಮಾಡಿದ್ದು ಪ್ರಾಜೆಕ್ಟಲ್ಲಿ. ಇದನ್ನ ತೋರಿಸ್ಬೇಡ ಅಂತ ಕಂಪ್ಯೂಟರಿಗೆ ಹೇಳಿದ್ದು ಅಷ್ಟೆ. ಅವರೆಲ್ಲ ಇದರಲ್ಲೇ ಇದಾರೆ." ಮೇಜಿನ ಮೇಲೆ ಟವೆಲಿನಲ್ಲಿ ಕೂತಿದ್ದ ಡಿಸ್ಕನ್ನು ತೋರಿಸಿದಳು.

"ಎಷ್ಟು ದಿನ ಇರ್ತಾರೆ?"

"ಭಾನುವಾರದ ಮದುವೆಗೆ ಇದು ಬೇಕು. ಶನಿವಾರ ಅಳಿಸ್ತೀನಿ."

"ಅಳಿಸಿದ್ರೆ ಮತ್ತೆ ಬರ್ತದಾ?"

"ಇಲ್ಲ ಸರ್. ಮಿಲನ್ ಹತ್ರ ಇದ್ದಿದ್ದೂ ಹೋಗಿದೆ. ಇದು ಹೋದ್ರೆ ಮುಗೀತು."

ಮಾಯಿಲಪ್ಪ ಹೊರಗೆ ಹೋದರು. ಜೀಪು ಶುರುವಾಗಿದ್ದು ಕೇಳಿಸಲಿಲ್ಲ. ಚಂದನಾ ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಅವರು ಮತ್ತೆ ಬಾಗಿಲಲ್ಲಿ ನಿಂತಿದ್ದರು. ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಚೀಲ ಕೈಯಲ್ಲಿತ್ತು. ಒಳಗಿಂದ ಹೊಸ ಡಿಸ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದು ನಿನ್ನ ಭಾನುವಾರದ ಮದುವೆಗೆ" ಅಂದರು. "ಅದು ಕೊಡು."

ಅವಳು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕಾಫಿಪುಡಿಯ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿ ಮಾಡಿ ಕೊಟ್ಟಳು. ಬಿಸಿಲಲ್ಲಿ ಇಡಬೇಡಿ, ಅಲುಗಾಡಿಸಬೇಡಿ ಎಂದು ಹೇಳಿದಳು. ಮಾಯಿಲಪ್ಪ ಅದನ್ನು ಜೀಪಿನ ಮುಂದಿನ ಸೀಟಿನಲ್ಲಿ ಇಟ್ಟರು. ಶನಿವಾರಸಂತೆ ದಾಟುವ ಮೊದಲೇ ಅದು ರಸ್ತೆಯ ಗುಂಡಿಗಳಿಗೆ ಕುಣಿಯತೊಡಗಿತು. ಅವರು ಜೀಪು ನಿಲ್ಲಿಸಿ ಅದನ್ನು ತೊಡೆಯ ಮೇಲಿಟ್ಟುಕೊಂಡರು, ಊರು ಬರುವವರೆಗೆ ಹಾಗೇ ಓಡಿಸಿದರು.

ಮನೆಗೆ ಬಂದಾಗ ಯಮುನ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಗಂಡ ಎಲ್ಲಿ ಹೋಗಿದ್ದು, ಏನು ಮಾಡಿಸಲು ಹೋಗಿದ್ದು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ತಿರುಗಿ ನೋಡಲಿಲ್ಲ. ಮಾಯಿಲಪ್ಪ ಜಗಲಿಯ ಮೇಲೆ ಪೆನ್‌ಡ್ರೈವನ್ನು ಇಟ್ಟರು. ಆಮೇಲೆ ಡಬ್ಬಿಯನ್ನು ತಂದು ಹೆಂಡತಿಯ ಮುಂದೆ ಹಿಡಿದರು. ಯಮುನ ಬಟ್ಟೆಯನ್ನು ಒಂದು ಹೆಗಲಿಗೆ ಹಾಕಿಕೊಂಡು, ಕಾಫಿಪುಡಿ ಎಂದುಕೊಂಡು, ಒಂದು ಕೈಯಲ್ಲಿ ತೆಗೆದುಕೊಂಡರು. ತೂಕ ಬೇರೆ ಇತ್ತು.

"ಇದ್ ಎಂಥ?"

"ಬೀರುಲಿ ಇಡ್. ಕೆಳಗೆ ಬೀಳ್ಸ್‌ಬೇಡ" ಅಂದರು ಮಾಯಿಲಪ್ಪ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ ಮೇಲೆ, ಒಳಗೆ ಹೋಗುತ್ತ, ಉಳಿದದ್ದನ್ನು ಹೇಳಿದರು. "ನಿನ್ನ ಅಣ್ಣ ಅದರೊಳಗೆ ಇರ್ದು."

ಹೆಗಲ ಮೇಲಿದ್ದ ಬಟ್ಟೆಯೆಲ್ಲ ಅಂಗಳಕ್ಕೆ ಬಿತ್ತು. ಯಮುನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.